ಅತ್ತೆಯ ಮಧ್ಯಾಹ್ನದ ಬಾಗಿಲು

ನಮ್ಮ ಅವ್ವ ಕೂತಿದ್ದನ್ನು ಗಡಹಿಂಗ್ಲಜದಲ್ಲಿ ಯಾರೂ ನೋಡಿರಲಿಲ್ಲ. ಇದು ನಾನು ಕಟ್ಟಿ ಹೇಳುವ ಮಾತಲ್ಲ. ಓಣಿಯ ಜನವೇ ಹೇಳುತ್ತಿದ್ದದ್ದು, ಅದೂ ಕೈಮುಗಿಯುವಂತೆ ಹೇಳುತ್ತಿದ್ದದ್ದು. ಅಪ್ಪನದು ಮೆಣಸಿನಕಾಯಿ ವ್ಯಾಪಾರ. ಸಂತೆಯ ದಿನ ಆಜರಾ, ಚಂದಗಡದ ಕಡೆಯವರು, ಸುತ್ತಲಿನ ಹಳ್ಳಿಯವರು ನಮ್ಮ ಪಡಸಾಲೆಯಲ್ಲಿ ಗಂಟು ಇಳಿಸಿ ನೀರು ಕುಡಿಯುತ್ತಿದ್ದರು, ರೊಟ್ಟಿ ತಿನ್ನುತ್ತಿದ್ದರು, ಅಳುವ ಮಕ್ಕಳನ್ನು ಅವ್ವನ ಕೈಗೆ ಕೊಟ್ಟು ಸಂತೆ ಮಾಡಿಕೊಂಡು ಬಂದು ಮತ್ತೆ ಚಹಾ ಕುಡಿದು ಹೋಗುತ್ತಿದ್ದರು. ಅವ್ವ ಒಬ್ಬರಿಗೂ ಒಲ್ಲೆ ಅಂದವಳಲ್ಲ. ಉಣ್ಣುವಾಗ ಕೂಡ ಒಲೆಯ ಮುಂದೆ ತುದಿಗಾಲಲ್ಲೇ ಇರುತ್ತಿದ್ದಳು. ಅದನ್ನು ಕೂತದ್ದು ಅನ್ನಲಿಕ್ಕಾಗದು. ಮಳೆಗಾಲದಲ್ಲಿ ಸೊಂಟ ಹಿಡಿದುಕೊಂಡರೆ ಗೋಡೆ ಹಿಡಿದು ನಡೆಯುತ್ತಿದ್ದಳು. ಆಗಲೂ ನಡೆಯುತ್ತಿದ್ದಳು.

ಇಂಥ ಅವ್ವನ ಮಗಳಾದ ನನಗೆ ಸುಮ್ಮನೆ ಕೂತವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಸ್ವಲ್ಪ ಉರಿಯುತ್ತದೆ, ಸುಳ್ಳೇಕೆ ಹೇಳಲಿ. ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂಬುದನ್ನು ನಮ್ಮ ಮನೆಯವರು ಮದುವೆಯಾದ ವಾರದೊಳಗೇ ಕಂಡುಹಿಡಿದು, ಮಗ್ಗದ ಶೆಡ್ಡಿನಿಂದ ಮನೆಯೊಳಗೆ ಬರುವ ಮುಂಚೆ ಒಮ್ಮೆ ಕೆಮ್ಮುವುದನ್ನು ರೂಢಿ ಮಾಡಿಕೊಂಡಿದ್ದರು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಇಚಲಕರಂಜಿಗೆ ಸೊಸೆಯಾಗಿ ಬಂದಾಗ ಆ ಊರಿನಲ್ಲಿ ಕೈಮಗ್ಗಗಳು ಒಂದೊಂದಾಗಿ ಮೂಲೆ ಸೇರುತ್ತಿದ್ದವು, ಕರೆಂಟಿನ ಮಗ್ಗಗಳು ಬರುತ್ತಿದ್ದವು. ನಮ್ಮ ಗಲ್ಲಿಯಲ್ಲಿ ಮನೆಗೊಂದು ಶೆಡ್ಡು. ಖಟಖಟ ಸದ್ದು ಎಷ್ಟಿತ್ತೆಂದರೆ ಅಲ್ಲಿಯ ಹೆಂಗಸರು ಗುಟ್ಟಿನ ಮಾತನ್ನೂ ಕೂಗಿ ಹೇಳುತ್ತಿದ್ದರು. ಹೀಗಾಗಿ ಆ ಗಲ್ಲಿಯಲ್ಲಿ ಗುಟ್ಟು ಅಂತ ಒಂದೂ ಇರಲಿಲ್ಲ ಎಂದು ನಾನು ತಿಳಿದಿದ್ದೆ.

ಮನೆಯಲ್ಲಿ ಇದ್ದವರು ಮೂರೇ ಜನ, ನಾವಿಬ್ಬರು ಮತ್ತು ನಮ್ಮ ಅತ್ತೆ. ಮಾವನವರು ತೀರಿಕೊಂಡು ವರ್ಷಗಳಾಗಿದ್ದವು. ಅತ್ತೆಯವರು ಕಡ್ಡಿಯಂಥ ಹೆಂಗಸು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗವಿರುವ ಬೆಳ್ಳಿಯ ಕರಡಿಗೆ, ಮಾತು ಕಡಿಮೆ. ಗಲ್ಲಿಯ ಬಾಣಂತಿಯರಿಗೆಲ್ಲ ಅವರೇ ಬೇಕು. ಬೆಳಗಿನ ಪೂಜೆ ಮುಗಿಸಿ, ಒಂದು ರೊಟ್ಟಿ ತಿಂದು ಹೊರಟರೆ ಈ ಮನೆ, ಆ ಮನೆ ಎಂದು ಕೂಸುಗಳನ್ನು ಎರೆಯುತ್ತ ಹೋಗುತ್ತಿದ್ದರು. ಬಚ್ಚಲಲ್ಲಿ ಮಣೆ ಹಾಕಿ, ಸೀರೆ ಮೊಣಕಾಲವರೆಗೆ ಎತ್ತಿ, ಎರಡೂ ಕಾಲು ಉದ್ದಕ್ಕೆ ಚಾಚಿ, ಆ ಕಾಲುಗಳ ಮೇಲೆ ಕೂಸನ್ನು ಮಲಗಿಸಿ ನೆತ್ತಿಗೆ ಔಡಲೆಣ್ಣೆ ಒತ್ತುತ್ತಿದ್ದರು. ಹಂಡೆಯ ಬಿಸಿನೀರು, ಕಡಲೆಹಿಟ್ಟು, ಆಮೇಲೆ ಲೋಬಾನದ ಹೊಗೆ. ಅಳುತ್ತಿದ್ದ ಕೂಸು ಅವರ ಕೈಯಲ್ಲಿ ಮೆತ್ತಗಾಗಿ, ಹೊಗೆಯಲ್ಲಿ ಒಮ್ಮೆ ಸೀನಿ, ತೊಟ್ಟಿಲಿಗೆ ಹೋಗುವ ಮೊದಲೇ ನಿದ್ದೆ ಹೋಗಿಬಿಡುತ್ತಿತ್ತು. ಇದಕ್ಕೆ ಅವರು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಉಳುಕಿದ ಕಾಲು ತಿಕ್ಕುವುದು, ಜಗಳವಾಡಿದ ಅತ್ತೆಸೊಸೆಯರನ್ನು ಒಂದೇ ತಾಟಿನಲ್ಲಿ ಉಣ್ಣಿಸುವುದು, ಸಾಯುವವರ ಬಾಯಿಗೆ ನೀರು ಬಿಡುವುದು ಎಲ್ಲವೂ ಅವರ ಪಾಲಿನದೇ. ಗಲ್ಲಿಯ ಮರಾಠಿ ಮನೆಯವರಿಗೆ ಅವರು ಕಾಕೂ, ನಮ್ಮವರಿಗೆ ಅವ್ವಾರು.

ಇಷ್ಟರವರೆಗೆ ನನಗೆ ಬಹಳ ಇಷ್ಟವಾಗಿತ್ತು. ನಮ್ಮ ಅವ್ವನಂಥವರೇ ಸಿಕ್ಕರು ಅಂದುಕೊಂಡೆ.

ಆದರೆ ಮಧ್ಯಾಹ್ನದ ಊಟವಾದ ಮೇಲೆ ಅತ್ತೆಯವರು ದೇವರ ಕೋಲಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಅಡಿಗೆಮನೆ ಮತ್ತು ಹಿತ್ತಲಿನ ನಡುವೆ ಒಂದು ಸಣ್ಣ ಕೋಣೆ ಅದು. ಒಂದು ಗೂಡು, ಎಣ್ಣೆದೀಪದ ಒಂದು ಹಿತ್ತಾಳೆ ಸಮೆ, ಒಂದು ಚಾಪೆ, ಹೆಂಚುಗಳ ನಡುವೆ ಒಂದೇ ಒಂದು ಗಾಜಿನ ಹೆಂಚು. ಅಲ್ಲಿ ಅವರು ಒಳಗಿದ್ದಷ್ಟು ಹೊತ್ತು ಜಗತ್ತು ಹೊರಗೆ. ನಮ್ಮವರಲ್ಲಿ ಲಿಂಗ ಅಂಗೈಯಲ್ಲಿ ಹಿಡಿದು ಪೂಜೆಗೆ ಕೂತವರನ್ನು ಕರೆಯಬಾರದು, ಅವರು ಮಾತಾಡಬಾರದು, ಪೂಜೆ ಮುಗಿಯದೆ ಏಳಬಾರದು. ಇದು ಗಲ್ಲಿಯ ಮರಾಠಿ ಮನೆಗಳಿಗೂ ಗೊತ್ತಿತ್ತು. ಯಾರಾದರೂ ಓಡಿಬಂದರೆ ಎದುರಿಗೆ ಸಿಕ್ಕವರೇ ಹೇಳಿಬಿಡುತ್ತಿದ್ದರು, "ಕಾಕೂ ಪೂಜೇಲಾ ಬಸಲ್ಯಾತ", ಕಾಕೂ ಪೂಜೆಗೆ ಕೂತಿದ್ದಾರೆ ಎಂದು. ಬಂದವರು ತುಟಿಪಿಟಕ್ಕೆನ್ನದೆ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು. ಸಿಟ್ಟಿನಲ್ಲಿ ಬಂದವರೂ ಕಾಯುತ್ತಿದ್ದರು. ಸೊಸೆಯಾಗಿ ಬಂದ ಮೇಲೆ ಆ ಬಾಗಿಲು ಕಾಯುವ ಕೆಲಸ ನನ್ನದಾಯಿತು.

ಕಾಯುವವರನ್ನು ಸುಮ್ಮನೆ ಕಾಯಿಸುವುದು ನನ್ನ ತವರಿನ ರಕ್ತಕ್ಕೆ ಒಗ್ಗುವಂಥದ್ದಲ್ಲ. ಚಹಾ ಕೊಟ್ಟೆ. ಅವರ ಕತೆ ಕೇಳಿದೆ. ಅತ್ತೆ ಏಳುವಷ್ಟರಲ್ಲಿ ನಾನೇ ಹೋಗಿ ಒಬ್ಬರ ಹಪ್ಪಳ ಒತ್ತಿಕೊಟ್ಟೆ, ಮತ್ತೊಬ್ಬರ ಮುದುಕನಿಗೆ ಗಂಜಿ ಕಾಯಿಸಿಕೊಟ್ಟೆ. ಆರು ತಿಂಗಳಲ್ಲಿ ನನ್ನ ಕಾಲಿಗೆ ಚಕ್ರ ಬಂದಿತ್ತು. ಗಲ್ಲಿಯವರು ಹೊಗಳುತ್ತಿದ್ದರು, ನಾನು ಹಿಗ್ಗುತ್ತಿದ್ದೆ. ದಿನಕ್ಕೆ ಎರಡು ಹೊತ್ತು ಪೂಜೆ ಯಾಕೆ ಬೇಕು, ಮುಂಜಾನೆಯದು ಸಾಲದೇ ಎಂದು ಒಳಗೊಳಗೇ ಗೊಣಗುತ್ತಲೂ ಇದ್ದೆ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಮುದುಕಿ ಓಡೋಡಿ ಬಂದಳು. ಆಕೆಯ ಸೊಸೆ ಹೆತ್ತು ವಾರವಾಗಿತ್ತು. ಮರಾಠಿಯನ್ನೂ ಕನ್ನಡವನ್ನೂ ಕಲಸಿ ಆಕೆ ಬಾಗಿಲಲ್ಲೇ ಅತ್ತಳು.

"ಕಾಕೂನ್ನ ಕರಿ ಪೋರಿ. ಬಾಳ ರಡತೋಯ, ಹಾಲ ಕುಡೀವಲ್ದು. ಸೂನಬಾಯಿನೂ ಅಳಾಕತ್ತಾಳ. ನಾ ಏನ ಮಾಡ್ಲಿ?"

ಕೂಸು ಅಳುತ್ತಿದೆ, ಹಾಲು ಕುಡಿಯುತ್ತಿಲ್ಲ, ಸೊಸೆಯೂ ಅಳುತ್ತಿದ್ದಾಳೆ. ಪೂಜೆಗೆ ಕೂತಿದ್ದಾರೆ ಎಂದೆ. ಮುದುಕಿ ಸೆರಗು ಬಾಯಿಗಿಟ್ಟುಕೊಂಡು ಕಟ್ಟೆಯ ಮೇಲೆ ಕುಸಿದಳು. ಅವಳ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ದೇವರು ನನ್ನನ್ನೇ ಬೈಯಲಿ ಎಂದು ಹೋಗಿ ಕೋಲಿಯ ಬಾಗಿಲು ತಳ್ಳಿದೆ. ಚಿಲಕ ಹಾಕಿರಲಿಲ್ಲ. ವರ್ಷಗಳಿಂದ ಹಾಕಿರಲಿಲ್ಲವಂತೆ, ಯಾರೂ ತಳ್ಳುವುದಿಲ್ಲ ಎಂದು ಗೊತ್ತಿದ್ದ ಮೇಲೆ ಚಿಲಕ ಯಾಕೆ?

ಅತ್ತೆಯವರು ಗೋಡೆಗೊರಗಿ ಕಾಲು ಚಾಚಿಕೊಂಡು ಕೂತಿದ್ದರು. ಸೆರಗು ತಲೆಯಿಂದ ಜಾರಿತ್ತು, ಕೂದಲು ಬಿಚ್ಚಿತ್ತು. ಎಡಗೈ ಮಡಿಲಲ್ಲಿ ಮೇಲಕ್ಕೆ ತೆರೆದುಕೊಂಡು ಬಿದ್ದಿತ್ತು. ಅದರಲ್ಲಿ ಏನೂ ಇರಲಿಲ್ಲ. ಬೆಳ್ಳಿಯ ಕರಡಿಗೆ ಮುಚ್ಚಿದ್ದು ಮುಚ್ಚಿದಂತೆ ಕೊರಳಲ್ಲೇ ಇತ್ತು. ಗಾಜಿನ ಹೆಂಚಿನಿಂದ ಬಿಸಿಲು ಕೋಲಿನಂತೆ ಇಳಿದಿತ್ತು, ಆ ಬಿಸಿಲಲ್ಲಿ ಮಗ್ಗದ ಹತ್ತಿಯ ಎಳೆಗಳು ಏಳುತ್ತ ಇಳಿಯುತ್ತ ತೇಲುತ್ತಿದ್ದವು. ಅವರು ಅದನ್ನು ನೋಡುತ್ತಿದ್ದರು. ಅಷ್ಟೇ. ಜಪವಿಲ್ಲ, ಮಣಿಯಿಲ್ಲ, ನಿದ್ದೆಯೂ ಅಲ್ಲ. ಆ ಮುಖವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಯಾರ ಅತ್ತೆಯೂ ಅಲ್ಲದ, ಯಾರ ಕಾಕೂವೂ ಅಲ್ಲದ ಮುಖ. ಬಾಗಿಲಲ್ಲಿ ನಿಂತಿದ್ದ ನನ್ನ ಸಿಟ್ಟೆಲ್ಲ ಒಂದು ಗಳಿಗೆ ಎಲ್ಲಿ ಹೋಯಿತೋ, ದೊಡ್ಡ ಗುಡಿಯೊಂದರ ಒಳಗೆ ತಿಳಿಯದೆ ಕಾಲಿಟ್ಟವಳಂತೆ ಒಂದು ಹೆಜ್ಜೆ ಹಿಂದಿಟ್ಟೆ.

ಅವರು ಬೆಚ್ಚಲಿಲ್ಲ. ಕಣ್ಣು ಮಾತ್ರ ನನ್ನ ಕಡೆ ತಿರುಗಿಸಿದರು.

"ಏನವಾ?"

"ಬಾಜೂ ಮನಿ ಕೂಸು ರೀ. ಹಾಲ ಕುಡೀವಲ್ದಂತ. ಒಂದ ಸವನ ಅಳಾಕತ್ತೈತಿ."

"ಜ್ವರಾ ಅದಾವ?"

"ಇಲ್ಲಂತ್ರಿ."

"ಅಳೂದು ಜೋರ ಐತೋ, ಸಣ್ಣ ಐತೋ?"

"ಜೋರ ಐತ್ರಿ. ಇಲ್ಲಿಗೆ ಕೇಳಸತೈತಿ."

"ಜೋರ ಅಳೂ ಕೂಸಿಗೆ ಇಷ್ಟರಾಗ ಏನೂ ಆಗೂದಿಲ್ಲ. ಬರ್ತಾರಂತ ಹೇಳು. ಬಾಗಲಾ ಹಾಕ."

ಬಾಗಿಲು ಹಾಕಿದೆ. ಹಾಕಿದ ಮೇಲೆ ಹೋಗಿದ್ದ ಸಿಟ್ಟು ದುಪ್ಪಟ್ಟಾಗಿ ಬಂತು. ಅಲ್ಲಿ ಒಂದು ಕೂಸು ಹಸಿದು ಅಳುತ್ತಿದೆ, ಇಲ್ಲಿ ಈ ದೊಡ್ಡ ಮನುಷ್ಯರು ಕಾಲು ಚಾಚಿಕೊಂಡು ಧೂಳು ನೋಡುತ್ತಿದ್ದಾರೆ! ಕಟ್ಟೆಯ ಮೇಲಿನ ಮುದುಕಿ ನನ್ನ ಮುಖ ನೋಡಿದಳು. ನಾನು ಏನು ಹೇಳಲಿ? "ಪೂಜಿ ಇನ್ನೂ ಮುಗದಿಲ್ಲ" ಎಂದೆ. ಆಕೆ ತಲೆಯಾಡಿಸಿ, ಅತ್ತೆಯವರ ಕೋಲಿಯ ಕಡೆ ತಿರುಗಿ ಕೈ ಮುಗಿದಳು.

ಅತ್ತೆಯವರು ತಮ್ಮ ಹೊತ್ತಿಗೆ ಎದ್ದರು. ಕೂದಲು ಕಟ್ಟಿ, ಮುಖ ತೊಳೆದು, ತಲೆಯ ಮೇಲೆ ಸೆರಗು ಹೊದ್ದು ಪಕ್ಕದ ಮನೆಗೆ ಹೋದರು. ನಾನೂ ಹಿಂದೆ ಹೋದೆ, ಏನು ಮಾಡುತ್ತಾರೆ ನೋಡೋಣ ಎಂಬ ಹಟದಿಂದ. ಬಾಣಂತಿಯ ಕೋಣೆ ಸಂತೆಯಾಗಿತ್ತು. ಸೋದರತ್ತೆ, ಚಿಕ್ಕಮ್ಮ, ಮಗ್ಗದವರ ಹೆಂಡಂದಿರು, ಅವರ ಮಕ್ಕಳು. ಒಬ್ಬರು ಜೋಗುಳ, ಒಬ್ಬರು ಮದ್ದು, ಒಬ್ಬರು ದೃಷ್ಟಿ ತೆಗೆಯುವುದು. ಅತ್ತೆಯವರು ಕೂಸನ್ನು ಮುಟ್ಟಲೇ ಇಲ್ಲ. "ಎಲ್ಲಾರೂ ಹೊರಗ ನಡೀರಿ" ಎಂದರು. ಕೂಗಲಿಲ್ಲ, ಆದರೂ ಮಗ್ಗದ ಸದ್ದಿನಲ್ಲಿ ಎಲ್ಲರಿಗೂ ಕೇಳಿಸಿತು. ಕೋಣೆ ಬರಿದಾಯಿತು. ಬಾಣಂತಿಯ ಬೆನ್ನಿಗೆ ದಿಂಬು ಕೊಟ್ಟು, ಕಿಟಕಿಯ ಬಾಗಿಲು ಅರ್ಧ ಎಳೆದು, ಅವಳ ಭುಜವನ್ನು ಎರಡೂ ಕೈಯಿಂದ ಹಿಡಿದು ಸುಮ್ಮನೆ ನಿಂತರು. ಹುಡುಗಿಯ ಭುಜ ಕಿವಿಯ ತನಕ ಏರಿತ್ತು. ಅದು ನಿಧಾನವಾಗಿ ಇಳಿಯಿತು. ಇಳಿದ ಮೇಲೆ ಕೂಸನ್ನು ಎದೆಗೆ ಕೊಟ್ಟರು. ಒಂದೆರಡು ಸಲ ಮುಖ ತಿರುಗಿಸಿ ಕೂಸು ಬಾಯಿ ಹಚ್ಚಿತು. ಆ ಕೈಗಳನ್ನೇ ನಾನು ನೋಡುತ್ತಿದ್ದೆ. ಒಂದು ಎಳೆಯಷ್ಟೂ ಅಲುಗದ ಕೈಗಳು.

ಸಂಜೆ ಅಕ್ಕಿ ಆರಿಸುತ್ತ ಕೂತಾಗ ಕೇಳಿಯೇಬಿಟ್ಟೆ.

"ಅತ್ತ್ಯಾರ, ಮಧ್ಯಾಹ್ನ ನಿಮ್ಮ ಕೈಯಾಗ ಲಿಂಗ ಇರಲಿಲ್ಲ."

"ಇರಲಿಲ್ಲ" ಎಂದರು, ಒಂದು ಕಲ್ಲು ಆರಿಸಿ ಬಿಸಾಡಿ.

"ಮತ್ತ ದಿನಾ ಪೂಜಿ ಅಂತ ಹೇಳ್ತೀರಿ?"

"ನಾ ಯಾವಾಗ ಹೇಳೇನಿ?"

ನೆನಪು ಮಾಡಿಕೊಂಡೆ. ನಿಜವಾಗಿಯೂ ಅವರ ಬಾಯಿಂದ ಆ ಮಾತು ನಾನೊಮ್ಮೆಯೂ ಕೇಳಿರಲಿಲ್ಲ.

"ಪೂಜಿ ನಾ ಮುಂಜಾನೆ ಮಾಡ್ತೀನಿ, ನೀನೂ ನೋಡ್ತೀ" ಎಂದರು. "ಮಧ್ಯಾಹ್ನ ಬಾಗಲಾ ಹಾಕ್ಕೋತೀನಿ, ಅಷ್ಟ. ದೇವರ ಕೋಲ್ಯಾಗ ಹೋಗಿ ಬಾಗಲಾ ಹಾಕಿದಾಕಿ ಪೂಜಿಗೇ ಕುಂತಿರಬೇಕಂತ ಮಂದಿ ತಾವ ತಿಳಕೊಂಡ್ರು. ನಾ ಯಾಕ ಅಲ್ಲ ಅನ್ನಲಿ?"

"ಸುಮ್ನ ಕುಂತೇನಿ ಅಂತ ಹೇಳಬೇಕಿತ್ತ್ರಿ."

ಅತ್ತೆಯವರು ನಕ್ಕರು. ನಗುವುದು ಅವರಿಗೆ ಅಪರೂಪ. "ಹೇಳಿ ನೋಡವಾ. ಬಾಗಲಾ ಕಿತ್ತು ಒಳಗ ಬರ್ತಾರ. ದೇವರ ಮುಂದ ಕುಂತಾಕಿನ್ನ ಯಾರೂ ಎಬ್ಬಸೂದಿಲ್ಲ. ತನ್ನ ಪಾಡಿಗೆ ತಾ ಕುಂತ ಹೆಂಗಸನ್ನ ಯಾರ ಬಿಡ್ತಾರ?"

ಅಂದಿನಿಂದ ಗಲ್ಲಿಯಲ್ಲಿ ಗುಟ್ಟು ಬಲ್ಲವರು ಇಬ್ಬರಾದೆವು. ನಾನು ಬಾಯಿ ಬಿಡಲಿಲ್ಲ. ಬಾಗಿಲಲ್ಲಿ ನಿಂತು ಮೊದಲಿಗಿಂತ ಜೋರಾಗಿ "ಪೂಜಿ ನಡದೈತಿ" ಅನ್ನುತ್ತಿದ್ದೆ, ಅಂದಾಗಲೆಲ್ಲ ಒಳಗೆ ಕಾಲು ಚಾಚಿದ ಆ ಹೆಂಗಸು ಕಣ್ಣಿಗೆ ಕಟ್ಟುತ್ತಿದ್ದರು. ಸಿಟ್ಟು ಬರುತ್ತಿತ್ತು, ಬೆರಗೂ ಆಗುತ್ತಿತ್ತು. ಎಂಥ ಎದೆಗಾರಿಕೆ ಅನ್ನಿಸುತ್ತಿತ್ತು. ಹುಲಿಯ ಮುಂದೆ ನಿಲ್ಲುವವರಿದ್ದಾರೆ. ಬೇಡಿಬಂದ ನೆರೆಮನೆಯವರನ್ನು ಕಟ್ಟೆಯ ಮೇಲೆ ಕೂರಿಸಿ ತಾನು ಒಳಗೆ ಸುಮ್ಮನೆ ಕೂತಿರುವ ಹೆಂಗಸನ್ನು ನಾನು ಕಂಡಿರಲಿಲ್ಲ. ನಾನು ಬಸುರಿ ಎಂದು ತಿಳಿದ ಮೇಲೆ ಅವರು ಒಮ್ಮೆ "ನೀನೂ ಬಾ, ಕೂಡು" ಎಂದು ಕರೆದರು. ಹೋಗಿ ಚಾಪೆಯ ಮೇಲೆ ಕೂತೆ. ಅವರು ಬಿಸಿಲು ನೋಡಿದರು. ನಾನು ಗೂಡಿನಲ್ಲಿದ್ದ ಜೇಡರಬಲೆ ನೋಡಿದೆ. ಆಮೇಲೆ ಸಮೆಗೆ ಹುಣಸೆಹಣ್ಣು ಹಚ್ಚಿ ಬೆಳಗಬೇಕಿತ್ತು ಅನ್ನಿಸಿತು. ಆಮೇಲೆ ಕಟ್ಟೆಯ ಮೇಲೆ ಯಾರೋ ಬಂದ ಸದ್ದಾಯಿತು. ಎದ್ದು ಹೊರಗೆ ಬಂದುಬಿಟ್ಟೆ. ಅತ್ತೆಯವರು ಕರೆಯಲೂ ಇಲ್ಲ, ಬೇಡ ಅನ್ನಲೂ ಇಲ್ಲ.

ಏಳನೆಯ ತಿಂಗಳಿಗೆ ಸೀಮಂತದ ಕುಬಸವಾಯಿತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಕೊಲ್ಹಾಪುರದ ಬಸ್ ಸ್ಟ್ಯಾಂಡಿನವರೆಗೆ ಅತ್ತೆಯವರು ಬಂದು ಬಿಡುವುದು, ಅಲ್ಲಿಂದ ಅಪ್ಪ ಕರೆದುಕೊಂಡು ಹೋಗುವುದು ಎಂದಾಗಿತ್ತು. ಅಪ್ಪ ಬರುವ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಅಂಗಡಿಗಳ ಕಡೆ ಹೋಗೋಣವೇ ಎಂದೆ. ಅತ್ತೆಯವರು ಟಾಂಗಾ ಕರೆದರು.

"ರಂಕಾಳ್ಯಾಕ" ಎಂದರು.

"ಯಾರ ಮನಿಗ್ರಿ?"

"ಯಾರ ಮನಿಗೂ ಅಲ್ಲ. ಕೂಡಾಕ."

ಟಾಂಗಾ ಮಾಡಿಕೊಂಡು ಕೆರೆಯ ದಂಡೆಗೆ ಕೂರಲು ಹೋಗುವ ಹೆಂಗಸರನ್ನು ನಾನು ಮೊದಲು ನೋಡಿದ್ದು ಅಂದೇ, ಅವರಲ್ಲಿ ನಾನೂ ಒಬ್ಬಳು. ರಂಕಾಳೆಯ ಕಲ್ಲುಕಟ್ಟೆಯ ಮೇಲೆ ಕೂತೆವು. ನೀರಲ್ಲಿ ಎಮ್ಮೆಗಳು ಕೊರಳವರೆಗೆ ಮುಳುಗಿ ನಿಂತಿದ್ದವು. ಆಚೆ ದಡ ಬೆಳಕಿನಲ್ಲಿ ಕರಗಿಹೋಗಿತ್ತು. ಅಷ್ಟು ನೀರು, ಅಷ್ಟು ಆಕಾಶ ಒಟ್ಟಿಗೆ ಕಂಡು ನಾನೂ ಅಂಗಡಿಗಳನ್ನು ಮರೆತೆ. ಮಗ್ಗದ ಸದ್ದಿಲ್ಲದೆ ಕಿವಿ ಖಾಲಿಖಾಲಿಯಾಗಿತ್ತು. ಆ ಖಾಲಿಯಲ್ಲಿ ಅತ್ತೆಯವರು ತಾವಾಗಿಯೇ ಮಾತಾಡಿದರು.

"ನಿನ್ನ ಗಂಡ ಸಣ್ಣಾವಿದ್ದ. ನಿಮ್ಮ ಮಾವ ಹಾಸಗಿ ಹಿಡದಿದ್ರು. ಮನ್ಯಾಗ ಅವರದು, ಹೊರಗ ಮಂದೀದು. ಬ್ಯಾಡ ಅನ್ನಾಕ ನನಗೂ ಬರತಿರಲಿಲ್ಲ, ನಿಮ್ಮವ್ವನಗತೇನ. ಒಂದಿನ ಒಂದ ಮನ್ಯಾಗ ಕೂಸು ಎರಿಯಾಕತ್ತಿದ್ದೆ. ಮೈ ತುಂಬ ಎಣ್ಣಿ. ನನ್ನ ಕೈ ನಡಗಾಕ ಹತ್ತಿದ್ವು. ಕೂಸು ಜಾರ್ತು."

ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ.

"ಮೊಣಕಾಲ ನಡುವ ಒತ್ತಿ ಹಿಡದೆ. ಏನೂ ಆಗಲಿಲ್ಲ. ಅದರವ್ವ ಬಾಜೂಕನ ನಿಂತು ನೀರ ತೋಡಾಕತ್ತಿದ್ಲು, ಆಕಿಗೂ ಗೊತ್ತಾಗಲಿಲ್ಲ. ನನಗ ಗೊತ್ತಾತು. ಮನಿಗೆ ಬಂದು ದೇವರ ಕೋಲಿ ಹೊಕ್ಕು ಬಾಗಲಾ ಹಾಕಿದೆ. ಕೈ ನಿಂದರೂತನಕ ಹೊರಗ ಬರಲಿಲ್ಲ. ಹೊರಗ ಯಾರೋ ಬಂದಿದ್ರು. ಪೂಜಿಗೆ ಕುಂತಾರಂತ ಇನ್ಯಾರೋ ಅಂದ್ರು. ಅಲ್ಲಿಂದ ಶುರು."

ನನಗೆ ಎಷ್ಟು ಸಮಾಧಾನವಾಯಿತೆಂದರೆ ಹೇಳಲಾರೆ. ಅತ್ತೆ ಸುಮ್ಮನೆ ಕೂರುವುದಕ್ಕೆ ಒಂದು ಒಳ್ಳೆಯ ಕಾರಣ ಸಿಕ್ಕಿತ್ತು. "ಅಂದ್ರ ಕೂಸುಗಳ ಸಲುವಾಗಿ ಕೂಡ್ತೀರಿ ಅನ್ರಿ" ಎಂದೆ.

ಅವರು ಎಮ್ಮೆಗಳನ್ನೇ ನೋಡುತ್ತಿದ್ದರು. "ಮೊದಲ ಕೂಸುಗಳ ಸಲುವಾಗಿ ಕುಂತೆ. ಆಮ್ಯಾಲ ರುಚಿ ಹತ್ತಿತು. ಈಗ ನನ್ನ ಸಲುವಾಗಿ ಕೂಡ್ತೀನಿ. ತಪ್ಪೇನ?"

ಟಾಂಗಾದವನು ಹೊತ್ತಾಯಿತೆಂದು ಕೂಗಿದ.

ಗಡಹಿಂಗ್ಲಜದಲ್ಲಿ ಹೆಣ್ಣುಮಗು ಹುಟ್ಟಿತು. ಹೆರಿಗೆ ಸಲೀಸಾಗಿಯೇ ಆಯಿತು. ಕಷ್ಟ ಶುರುವಾದದ್ದು ಆಮೇಲೆ. ನಮ್ಮವರಲ್ಲಿ ಹೆರಿಗೆಯ ಮೈಲಿಗೆ ಇಲ್ಲ. ಮೈಲಿಗೆ ಇಲ್ಲವಾದ್ದರಿಂದ ನೋಡಲು ಬರುವವರಿಗೆ ತಡೆಯೂ ಇಲ್ಲ. ಮೊದಲ ದಿನದಿಂದಲೇ ಮನೆ ತುಂಬಿತು. ಅವ್ವ ಅಷ್ಟು ವರ್ಷ ಯಾರಿಗೆಲ್ಲ ನೀರು, ರೊಟ್ಟಿ ಕೊಟ್ಟಿದ್ದಳೋ ಅವರೆಲ್ಲ ಪ್ರೀತಿಯಿಂದಲೇ ಬಂದರು. ಕುಂಚಿಗೆ ತಂದರು, ಅಂಟಿನುಂಡಿ ತಂದರು, ತೊಟ್ಟಿಲಿನಿಂದ ಕೂಸನ್ನು ಎತ್ತಿ ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿದರು. ಅವ್ವ ಎಲ್ಲರಿಗೂ ಚಹಾ ಮಾಡಿದಳು. ಒಬ್ಬರನ್ನೂ ಹೊರಗೆ ಕಳಿಸಲಿಲ್ಲ. ಅದು ಅವಳಿಗೆ ಬರುತ್ತಿರಲಿಲ್ಲ. ನನಗೂ ಬರುತ್ತಿರಲಿಲ್ಲ. ಬಂದವರೊಡನೆ ನಕ್ಕೆ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ನಿದ್ದೆ ಹೋಯಿತು. ಆಮೇಲೆ ಹಾಲು ಹೋಯಿತು. ಕೂಸು ಎದೆಗೆ ಬಾಯಿ ಹಚ್ಚಿ, ಏನೂ ಸಿಗದೆ ಮುಷ್ಟಿ ಬಿಗಿದು ಕೆಂಪಾಗುತ್ತಿತ್ತು. ಕೆಲವು ದಿನಗಳಲ್ಲಿ ಕೆಂಪಾಗುವುದನ್ನೂ ಬಿಟ್ಟಿತು. ಅದರ ಅಳು ಸಣ್ಣದಾಗುತ್ತ ಬಂತು. ಸಣ್ಣ ಅಳುವಿನ ಅರ್ಥ ನನಗೆ ಗೊತ್ತಿತ್ತು. ನಾನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟೆ. ಹಿತ್ತಲಿಗೆ ಹೋಗುವಾಗ ಬಾವಿಯ ಕಡೆ ನೋಡಲು ಹೆದರಿಕೆಯಾಗುತ್ತಿತ್ತು. ಹೆದರಿಕೆ ಬಾವಿಯದಲ್ಲ, ನನ್ನದೇ.

ನಮ್ಮ ಮನೆಯವರು ಕೂಸನ್ನು ನೋಡಲು ಬಂದವರು ನನ್ನ ಬೆನ್ನನ್ನೇ ನೋಡಿ ಹೋದರು. ಹೋಗಿ ತಾಯಿಗೆ ಏನು ಹೇಳಿದರೋ. ಮರುದಿನದ ಗಾಡಿಗೆ ಅತ್ತೆಯವರು ಬಂದಿಳಿದರು, ಕೈಯಲ್ಲಿ ಒಂದೇ ಚೀಲ. ಬಂದವರೇ ಕಾಲು ತೊಳೆದು ಒಳಗೆ ಬಂದು ಕೂಸಿನ ತುಟಿ ಮುಟ್ಟಿ ನೋಡಿದರು, ನನ್ನ ಹಣೆ ಮುಟ್ಟಿ ನೋಡಿದರು. ಹಸುವಿನ ಹಾಲಿಗೆ ನೀರು ಬೆರೆಸಿ ಕಾಯಿಸಿ, ಆರಿಸಿ, ಅರಳೆಯಲ್ಲಿ ಅದ್ದಿ ಹನಿಹನಿಯಾಗಿ ಕೂಸಿಗೆ ಬಿಟ್ಟರು. ನನಗೆ ಗಂಜಿ ಕುಡಿಸಿದರು. ಕೂಸನ್ನು ನನ್ನ ಮಗ್ಗುಲಲ್ಲಿ ಮಲಗಿಸಿ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಮಣೆ ಎಳೆದ ಸದ್ದಾಯಿತು. ಹೊಸ್ತಿಲ ಹೊರಗೆ ಅವರು ಕೂತರು.

ಸ್ವಲ್ಪ ಹೊತ್ತಿಗೆ ಪಡಸಾಲೆಯಲ್ಲಿ ಹೆಂಗಸರ ಮಾತು ಕೇಳಿಸಿತು.

"ಬಾಣಂತಿನ್ನ ನೋಡಾಕ ಬಂದೇವ್ರಿ."

"ಲಿಂಗಪೂಜಿಗೆ ಕುಂತಾಳ್ರಿ" ಎಂದರು ಅತ್ತೆ.

ನಾನು ಗೋಡೆಯಿಂದ ಮುಖ ತಿರುಗಿಸಿದೆ. ಕೇಳಿದ್ದು ನಿಜವೇ ಎನ್ನಿಸಿತು. ಜೀವಮಾನದಲ್ಲಿ ತಮ್ಮ ಸಲುವಾಗಿ ಒಮ್ಮೆಯೂ ಆಡದ ಆ ಮಾತು, ನೇರಾನೇರ ಸುಳ್ಳು, ಅವರ ಬಾಯಿಂದ ಎಳ್ಳಷ್ಟೂ ತಡವರಿಸದೆ ಬಂದಿತ್ತು.

"ಈ ಹೊತ್ತಿನ್ಯಾಗ ಪೂಜಿ ಏನ್ರಿ? ಬಾಣಂತಿ?"

"ಯಾಕ್ರಿ, ನಮ್ಮಲ್ಲಿ ಮೈಲಿಗಿ ಐತೇನು?"

"ಇಲ್ಲ ಬಿಡ್ರಿ, ಖರೆ ಐತಿ. ಭಾಳ ಹೊತ್ತ ಆಕ್ಕೈತೇನ್ರಿ?"

"ಭಾಳ ಹೊತ್ತ ಆಕ್ಕೈತ್ರಿ."

ಯಾವ ರೂಢಿ ಮನೆಗೆ ಜನರನ್ನು ತುಂಬಿಸಿತ್ತೋ ಅದೇ ರೂಢಿ ಅವರನ್ನು ಹೊರಗೆ ನಿಲ್ಲಿಸಿತು. ಹೆಂಗಸರು ದನಿ ತಗ್ಗಿಸಿದರು. ನಾನು ಮೇಲೆ ನೋಡುತ್ತ ಮಲಗಿದೆ. ಹೊರಗೆ ಮಧ್ಯಾಹ್ನ. ಅದು ಅತ್ತೆಯವರ ಹೊತ್ತು. ಅವರು ಯಾರಿಗೂ ಬಿಟ್ಟುಕೊಡದ ಹೊತ್ತು. ಅದನ್ನು ಪರಊರಿನ ಹೊಸ್ತಿಲ ಮೇಲೆ, ಗೊತ್ತಿಲ್ಲದವರಿಗೆ ಉತ್ತರ ಕೊಡುತ್ತ ಕೂತು ನನಗೆ ಕೊಡುತ್ತಿದ್ದರು. ನನಗೆ ಅಳು ಬಂತು. ಬಹಳ ದಿನಗಳ ಮೇಲೆ ಬಂದ ಅಳು, ಅಳುತ್ತಲೇ ನಿದ್ದೆ ಹೋದೆ.

ದಿನಾ ಹಾಗೆಯೇ ನಡೆಯಿತು. ಮೊದಲು ನಿದ್ದೆ ಮರಳಿತು. ಎಚ್ಚರವಾದಾಗ ಏನು ಮಾಡುವುದೆಂದು ತಿಳಿಯದೆ ಕಿಟಕಿಯ ಸಂದಿಯಿಂದ ಬೀಳುವ ಬೆಳಕನ್ನು ನೋಡತೊಡಗಿದೆ. ಅದರಲ್ಲಿ ಧೂಳು ತೇಲುತ್ತಿತ್ತು. ಈ ಸಲ ಬೆಳಗಬೇಕಾದ ಸಮೆ ನೆನಪಾಗಲಿಲ್ಲ. ಒಂದು ಮಧ್ಯಾಹ್ನ ಹಾಗೆ ನೋಡುತ್ತಿದ್ದಾಗ ಎದೆಯ ಮೇಲಿನ ಕುಪ್ಪಸ ಒದ್ದೆಯಾದದ್ದು ತಿಳಿಯಿತು. ಕೂಸನ್ನು ಹತ್ತಿರ ಎಳೆದುಕೊಂಡೆ.

ಅವ್ವನಿಗೆ ಮಾತ್ರ ಇದು ಸರಿಬಂದಿರಲಿಲ್ಲ. "ನಮ್ಮ ಮನಿಗೆ ಬಂದವ್ರನ್ನ ಬಾಗಲದಾಗ ನಿಂದರಸೂದಂದ್ರ ಏನ್ರಿ ಬೀಗ್ತ್ಯಾರ?" ಎಂದು ಮೆಲ್ಲಗೆ ಅಂದದ್ದು ನನಗೆ ಒಳಗೆ ಕೇಳಿಸಿತ್ತು. ಅವ್ವ ಕಾಯುವವರಿಗೆಲ್ಲ ಎರಡೆರಡು ಸಲ ಚಹಾ ಮಾಡಿಕೊಟ್ಟು ಆ ಅವಮಾನವನ್ನು ಸರಿದೂಗಿಸುತ್ತಿದ್ದಳು.

ಸಂತೆಯ ದಿನ ಬಂತು. ಪಡಸಾಲೆಯ ಗದ್ದಲದ ನಡುವೆ ಕಪ್ಪುಬಸಿಗಳು ಕಿಣಿಕಿಣಿ ಅನ್ನುವುದು ಬಾಗಿಲ ಹತ್ತಿರಕ್ಕೆ ಬಂದಿತು. ತಾಟು ಹಿಡಿದು ಅವ್ವ ಬರುತ್ತಿದ್ದಳು. ಅವ್ವನ ಹೆಜ್ಜೆ ನಿಂತಿತು, ಕಪ್ಪುಗಳ ಸದ್ದು ನಿಲ್ಲಲಿಲ್ಲ.

"ತಾಟ ಇಲ್ಲಿ ಕೊಡ್ರಿ" ಎಂದಿತು ಅತ್ತೆಯವರ ದನಿ.

"ಬ್ಯಾಡ್ರಿ, ನಾ ಕೊಡ್ತೀನಿ."

"ಬೀಗ್ತ್ಯಾರ, ನಿಮ್ಮ ಕೈ ನಡಗಾಕತ್ತಾವು."

ಬಾಗಿಲು ತೆರೆಯಿತು. ಅತ್ತೆಯವರು ಒಂದು ಕೈಯಲ್ಲಿ ತಾಟು ಹಿಡಿದು ಇನ್ನೊಂದು ಕೈಯಿಂದ ಅವ್ವನ ಬೆನ್ನು ಮುಟ್ಟಿ ಒಳಗೆ ಬಿಟ್ಟರು, ಬಾಗಿಲು ಎಳೆದುಕೊಂಡರು. ಅವ್ವ ಕೋಣೆಯ ನಡುವೆ ನಿಂತಳು. ಕತ್ತಲಿಗೆ ಕಣ್ಣು ಹೊಂದುವ ತನಕ ಸುತ್ತಲೂ ನೋಡಿದಳು. ಕೂಸು ಹಾಲು ಕುಡಿಯುವ ಸದ್ದು ಕೇಳಿ ನನ್ನ ಕಡೆ ತಿರುಗಿದಳು.

"ಹಾಲ ಬಂದಾವು?"

"ಬಂದಾವು."

"ಯಪ್ಪಾ ಶಿವನ" ಎಂದಳು. ಮುಂದೆ ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ. ಕೈಗಳು ಏನಾದರೂ ಸಿಕ್ಕೀತೇ ಎಂದು ಸೆರಗಿನಲ್ಲಿ ತಡಕಾಡುತ್ತಿದ್ದವು. "ನಾ ಇಲ್ಲಿ ಏನ ಮಾಡ್ಲಿ?"

"ಏನೂ ಬ್ಯಾಡ. ಕೂಡು."

ಗೋಡೆ ಹಿಡಿದು ಅರ್ಧ ಬಗ್ಗಿದಳು. ಅಷ್ಟರಲ್ಲಿ ಪಡಸಾಲೆಯಿಂದ ಯಾರೋ ಕೂಗಿದರು, "ಯಕ್ಕಾರ ಎಲ್ಲಿ ಅದಾರ್ರಿ? ಮಜ್ಜಿಗಿ ಬೇಕಿತ್ತು." ಬಗ್ಗಿದ ಸೊಂಟ ತಾನಾಗಿಯೇ ನೆಟ್ಟಗಾಯಿತು. ಅವ್ವ ಬಾಗಿಲ ಕಡೆ ಹೆಜ್ಜೆ ಇಟ್ಟಳು.

"ಅವರೂ ಪೂಜಿಗೆ ಕುಂತಾರ್ರಿ" ಎಂದಿತು ಹೊರಗಿನ ದನಿ. "ಮಜ್ಜಿಗಿ ನಾ ಕೊಡ್ತೀನಿ, ಬರ್ರಿ."

ಅತ್ತೆಯವರ ಹೆಜ್ಜೆ ಅಡಿಗೆಮನೆಯ ಕಡೆ ಹೋಯಿತು. ಗಡಿಗೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು, ಯಾರೋ ನಕ್ಕರು, ಮಾತು ಮುಂದುವರಿಯಿತು. ಅವ್ವ ಅಲುಗದೆ ನಿಂತು ಕೇಳಿಸಿಕೊಂಡಳು. ತಾನಿಲ್ಲದೆ ತನ್ನ ಮನೆ ನಡೆಯುವ ಸದ್ದನ್ನು ಅವಳು ಕೇಳುತ್ತಿದ್ದದ್ದು ಅದೇ ಮೊದಲಿರಬೇಕು. ಅವಳ ಮುಖ ನನಗೆ ಕಾಣುತ್ತಿತ್ತು. ನಾನು ಹುಟ್ಟಿದಂದಿನಿಂದ ನೋಡಿದ ಮುಖ, ಆದರೂ ಹಾಗೆ ಎಂದೂ ನೋಡಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಸೊಂಟ ಹಿಡಿದುಕೊಂಡು, ನನ್ನ ಪಕ್ಕದಲ್ಲಿ ನಿಧಾನವಾಗಿ ಕೂತಳು. ಬಹಳ ಹೊತ್ತು ಮೊಣಕಾಲು ಮಡಚಿಕೊಂಡೇ ಇದ್ದಳು. ಆಮೇಲೆ ಕಾಲು ಚಾಚಿದಳು.